ಶಾಖದ ನೀರು

ತೀರ್ಪುಗಾರನ ಸೀಟಿ ಕೂಗಿದ ಮೇಲೂ ಚಲಪತಿ ಹಿಡಿದ ತೋಳನ್ನು ಬಿಡಲಿಲ್ಲ. ಭೀಮರಾಜನ ಸೇಡಿನ ಬೇರು ಇಳಿದದ್ದು ಅಲ್ಲಿ, ಕುಂದಾಣದ ಕುಸ್ತಿಯ ಮಣ್ಣಿನಲ್ಲಿ. ಅವನು ಸೋಲಿಗೆ ಅಂಜಿದವನಲ್ಲ. ಬೆನ್ನು ಮಣ್ಣಿಗೆ ತಾಗಿದರೆ ಎದ್ದು ಕೈಮುಗಿದು ಹೋಗಬೇಕೆಂಬುದು ಗರಡಿ ಕಲಿಸಿದ ಮೊದಲ ಪಾಠ. ಆದರೆ ಸೀಟಿಯ ನಂತರ ಒಂದು, ಎರಡು, ಮೂರು ಎಂದು ಎಣಿಸುವಷ್ಟು ಹೊತ್ತು ಚಲಪತಿ ಅವನ ಬಲ ಮೊಳಕೈಯನ್ನು ಹಿಮ್ಮುಖವಾಗಿ ತಿರುಚಿದ. ಕೀಲು ಕಳಚಿತು. ಕೀಲನ್ನು ಹಾದು ಹೋಗುವ ನರಗಳು ಜಗ್ಗಿ ನಲುಗಿದವು. ತೀರ್ಪುಗಾರ ಕಂಡೂ ಕಾಣದವನಂತೆ ಗೆದ್ದವನ ಕೈ ಎತ್ತಿದ. ನಿಯಮ ಮುರಿದವನಿಗೆ ಗದೆ, ಪಾಲಿಸಿದವನಿಗೆ ಜೋಲುಗೈ. ಇಂಥ ತೀರ್ಪಿಗೆ ಜನ ಚಪ್ಪಾಳೆ ತಟ್ಟಿದ ದಿನವೇ, ಇನ್ನೊಂದು ತೀರ್ಪು ಬರೆಯುವ ಹಕ್ಕು ತನಗೆ ಬಂತೆಂದು ಭೀಮರಾಜ ನಂಬಿದ. ಅನ್ಯಾಯ ಉಂಡವರು ಬಹಳ ಮಂದಿ ಜಾರುವುದು ಇದೇ ಮೆಟ್ಟಿಲಿನಲ್ಲಿ.

ಇಬ್ಬರೂ ತೂಬಗೆರೆಯವರು, ಒಂದೇ ಗರಡಿಯವರು. ದಿನವೂ ಎದುರಾಗುವುದು ತಪ್ಪುವಂತಿರಲಿಲ್ಲ.

"ಏನ್ಲಾ ಒಕ್ಕೈ ಭೀಮ, ಗದೆ ಹೊರಾಕೆ ಆಳು ಕಳಿಸ್ಲೇನ್ಲಾ?" ಎಂದು ಚಲಪತಿ ಟೀ ಅಂಗಡಿಯಿಂದ ಕೂಗುವನು. ಕುಳಿತವರು ನಗುವರು. ಹೆಸರು ಊರಿಗೆ ಅಂಟಿಕೊಂಡಿತು.

ದೊಡ್ಡಬಳ್ಳಾಪುರದ ಫಿಸಿಯೋಥೆರಪಿಸ್ಟ್ ಸಂಘಮಿತ್ರ ಪ್ರತಿ ಗುರುವಾರ ತೂಬಗೆರೆಗೆ ಬಂದು, ಔಷಧದ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂರುತ್ತಿದ್ದಳು. ಮೊದಲ ದಿನ ಅವಳು ಭೀಮರಾಜನ ಕಣ್ಣು ಮುಚ್ಚಿಸಿ ಬೆರಳುಗಳಿಗೆ ಸೂಜಿಯ ಮೊನೆ ತಾಗಿಸಿದಳು, ಹತ್ತಿ ಸವರಿದಳು. ಹೆಬ್ಬೆರಳು ತೋರುಬೆರಳುಗಳ ನಡುವೆ ಕಾಗದವಿಟ್ಟು ಎಳೆದಳು. ಹಿಡಿತ ಅಳೆಯುವ ಯಂತ್ರವನ್ನು ಅಂಗೈಗೆ ಕೊಟ್ಟಳು. ಮುಳ್ಳು ಅಲುಗಲಿಲ್ಲ. ಕೊನೆಗೆ ಬೋಗುಣಿಯ ಬಿಸಿನೀರಿನಲ್ಲಿ ಎರಡೂ ಕೈಗಳನ್ನು ಅರ್ಧ ಗಂಟೆ ಇಡಿಸಿ, ಹೊರತೆಗೆದು ಬೆರಳುಗಳನ್ನು ಹತ್ತಿರದಿಂದ ನೋಡಿ ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ಗರಡಿಯಲ್ಲಿ ಉಳುಕಿಗೂ ಊತಕ್ಕೂ ಇರುವ ಮದ್ದು ಒಂದೇ, ಶಾಖ. ಬೋಗುಣಿಯ ನೀರೂ ಶಾಖವೇ ಎಂದು ಭೀಮರಾಜ ತಿಳಿದ. ಕೇಳಬೇಕೆಂದು ಅವನಿಗೆ ತೋಚಲಿಲ್ಲ.

"ಟೈಮ್ ಹಿಡಿಯುತ್ತೆ ಭೀಮರಾಜಣ್ಣ. ನರ ಚಿಗುರೋದು ಗಿಡ ಚಿಗುರಿದ ಹಾಗೆ, ಎಳೆದ್ರೆ ಉದ್ದ ಆಗಲ್ಲ," ಎಂದಳು. ಸ್ಪಂಜಿನ ಒಳಪದರದ ಪಟ್ಟಿಯೊಂದನ್ನು ಕೈಗೆ ತೊಡಿಸಿ, ಮೇಲೆ ಬ್ಯಾಂಡೇಜು ಸುತ್ತಿದಳು.

ಐದನೆಯ ತಿಂಗಳ ಒಂದು ಬೆಳಗ್ಗೆ ಕಿರುಬೆರಳು ಮಿಡಿಯಿತು. ಮರುವಾರ ಉಂಗುರಬೆರಳು. ತಾಯಿ ನರಸಮ್ಮನಿಗೆ ಹೇಳಲೆಂದು ಅಡುಗೆಮನೆಗೆ ನಡೆದವನು ಬಾಗಿಲಲ್ಲೇ ನಿಂತ. ಹೊರಗೆ ಬೀದಿಯಲ್ಲಿ ಚಲಪತಿಯ ಕೂಗು: "ಒಕ್ಕೈ ಎದ್ದನೇನಮ್ಮೋ?" ಆ ಗಳಿಗೆಯಲ್ಲಿ ಭೀಮರಾಜನಿಗೆ ಇಡೀ ಉಪಾಯ ಗೋಚರಿಸಿತು. ಸತ್ತ ಕೈಯನ್ನು ಯಾರೂ ಅನುಮಾನಿಸುವುದಿಲ್ಲ.

ಅಂದಿನಿಂದ ಅವನು ಕೈಯನ್ನು ಸತ್ತಂತೆಯೇ ಇಟ್ಟ. ಮನೆಯ ಹಿಂದೆ ಒಬ್ಬನೇ ಒದ್ದೆ ಗೋಣಿಚೀಲ ಹಿಂಡಿ ಹಿಂಡಿ ಹಿಡಿತ ಬೆಳೆಸಿದ. ಗುರುವಾರ ಬಂದರೆ ಸೂಜಿಗೆ "ಇಲ್ಲ" ಎಂದ, ಹತ್ತಿಗೆ "ಇಲ್ಲ" ಎಂದ, ಕಾಗದ ಜಾರಲು ಬಿಟ್ಟ, ಯಂತ್ರದ ಮುಳ್ಳನ್ನು ಕದಲಿಸಲಿಲ್ಲ. ಸಂಘಮಿತ್ರ ಮುಖ ಬಾಡಿಸಿಕೊಂಡು ಬರೆದಳು. ಬರೆದ ಪ್ರತಿ ಸಾಲೂ ತನ್ನ ಪರವಾದ ಸಾಕ್ಷಿಯೆಂದು ಅವನು ಒಳಗೊಳಗೇ ಹಿಗ್ಗಿದ. ಮನೆಯಲ್ಲಿ ಎಡಗೈಯಲ್ಲಿ ಮುದ್ದೆ ಮುರಿಯಬಾರದೆಂದು ನರಸಮ್ಮ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ಮೂವತ್ತು ದಾಟಿದ ಮಗ, ಬಲಗೈ ನೆಟ್ಟಗಿದ್ದೂ, ಎರಡು ತಿಂಗಳು ಬಾಯಿ ತೆರೆದು ಕುಳಿತ. "ಆ ದೇವ್ರು ನನ್ನ ಕೈಯಾದ್ರೂ ಕಿತ್ಕೊಂಡು ನಿಂಗೆ ಕೊಡಬಾರ್ದಿತ್ತಾ ಮಗ," ಎಂದು ಅವಳು ಕಣ್ಣೊರೆಸಿದರೆ, ಅವನು ಸಾರಿಗೆ ಉಪ್ಪು ಸಾಲದೆಂದ. ಕೊಲೆ ಇನ್ನೂ ನಡೆದಿರಲಿಲ್ಲ. ಕೊಲೆಗಾರ ಆಗಲೇ ಪೂರ್ತಿಯಾಗಿದ್ದ.

ಚಲಪತಿಯ ತೋಟದ ಕೃಷಿಹೊಂಡಕ್ಕೆ ಕರಿ ಪ್ಲಾಸ್ಟಿಕ್ ಹಾಸಿತ್ತು. ಕಾಲಿಟ್ಟರೆ ಜಾರುತ್ತದೆ, ಹತ್ತಲು ಹಿಡಿ ಸಿಗದು. ಮೋಟಾರಿನ ಪೈಪಿನ ಬಾಯಿಗೆ ಪಾಚಿ ಕಟ್ಟುವುದರಿಂದ, ಗುರುವಾರ ಕರೆಂಟು ಹೋಗುವ ನಾಲ್ಕು ಗಂಟೆಗೆ ಚಲಪತಿ ದಡದಲ್ಲಿ ಬೋರಲು ಮಲಗಿ ಅದನ್ನು ಬಿಡಿಸುತ್ತಿದ್ದ. ತಲೆ ನೀರಿನಿಂದ ಗೇಣು ಮೇಲೆ. ಕತ್ತು ಒತ್ತಿ ಹಿಡಿದರೆ ಸಾಕು. ಕಾಲು ಜಾರಿ ಬಿದ್ದನೆಂದರೆ ಸರಿ. ಕತ್ತಿನ ಮೇಲೆ ಹತ್ತು ಬೆರಳಿನ ಗುರುತು ಮೂಡಿ ಪೊಲೀಸರು ಕೊಲೆಯೆಂದರೆ ಇನ್ನೂ ಸರಿ. ಆಗ ಅವರು ಹುಡುಕುವುದು ಎರಡು ಕೈಯುಳ್ಳವನನ್ನು. ಅಲ್ಲಿಂದ ಔಷಧದ ಅಂಗಡಿಗೆ ಜೋಳದ ಹೊಲದ ಬದುವಿನಲ್ಲಿ ಹತ್ತು ನಿಮಿಷದ ನಡಿಗೆ, ಸಂಘಮಿತ್ರಳ ಬಳಿ ಅವನ ಸರದಿ ಐದಕ್ಕೆ.

ಆ ಗುರುವಾರ ಎಲ್ಲವೂ ಎಣಿಸಿದಂತೆಯೇ ನಡೆಯಿತು. ಭೀಮರಾಜ ಪಟ್ಟಿ ಬಿಚ್ಚಿ ಬದುವಿನ ಮೇಲಿಟ್ಟು, ಅಂಗಿ ಕಳಚಿ ಬಂದ. ಬೋರಲು ಮಲಗಿದ್ದವನು ಹೆಜ್ಜೆಯ ಸದ್ದಿಗೆ ಅರೆ ಹೊರಳಿ ನೋಡಿದ.

"ನೀನಾ ಒಕ್ಕೈ! ಈ ಪೈಪು ಹಿಡ್ಕಳಾ ಅನ್ನಾಣಾಂದ್ರೆ ನಿಂಗೆ ಕೈಯೇ ಇಲ್ವಲ್ಲೋ."

"ಹಿಡ್ಕತೀನಿ ತಡಿ," ಎಂದ ಭೀಮರಾಜ.

ಬೆನ್ನಿನ ಮೇಲೆ ಮಂಡಿಯೂರಿ, ಎರಡೂ ಕೈಯಲ್ಲಿ ಕತ್ತು ಹಿಡಿದು, ತನ್ನ ಮೊಳಕೈ ಮುಳುಗುವವರೆಗೆ ನೀರಿಗಿಳಿಸಿದ. ಗರಡಿಯಲ್ಲಿ ಬಸ್ಕಿ ಎಣಿಸುವಂತೆ ಎಣಿಸಿದ. ಇನ್ನೂರಕ್ಕೆ ಒದ್ದಾಟ ನಿಂತಿತು. ಆದರೂ ಬಿಡಲಿಲ್ಲ, ಎಣಿಕೆ ಅರ್ಧಕ್ಕೆ ಬಿಟ್ಟರೆ ಸಾಮು ಸಾರ್ಥಕವಾಗದೆಂಬುದು ಗರಡಿಯ ಮಾತು. ಒಂದೊಂದನ್ನೂ ನಿಧಾನವಾಗಿ ಎಣಿಸಿ ಸಾವಿರ ಮುಟ್ಟಿಸಿದ. ಕಾಲು ಗಂಟೆ ದಾಟಿತ್ತು. ಮೂರು ಎಣಿಕೆಯ ಅನ್ಯಾಯಕ್ಕೆ ಸಾವಿರ ಎಣಿಕೆಯ ನ್ಯಾಯ ಎಂದುಕೊಂಡ, ಆ ಅಳತೆಯ ವಿಕಾರ ಅವನಿಗೆ ಕಾಣಿಸಲಿಲ್ಲ.

ದೇಹವನ್ನು ನೀರಿಗೆ ಜಾರಿಸಿ, ಟವೆಲಿನಲ್ಲಿ ಮುಖ ಎದೆ ಒರೆಸಿ, ಒಣ ಅಂಗಿ ತೊಟ್ಟ. ಹೆಜ್ಜೆಗುರುತುಗಳನ್ನು ಸೊಪ್ಪಿನಿಂದ ಅಳಿಸಿದ. ತೊಟ್ಟಿಕ್ಕುತ್ತಿದ್ದ ಬಲಗೈಯನ್ನು ಹಾಗೆಯೇ ಪಟ್ಟಿಯ ಸ್ಪಂಜಿನೊಳಗೆ ತೂರಿಸಿ, ಬೆರಳ ತುದಿಯವರೆಗೆ ಬ್ಯಾಂಡೇಜು ಸುತ್ತಿದ. ಕೆಲಸಕ್ಕೆ ಬಾರದ ಕೈಯನ್ನು ಒರೆಸುವ ಗೊಡವೆಯೇಕೆ? ಒದ್ದೆಯೇಕೆಂದು ಕೇಳಿದರೆ ಉತ್ತರ ಸಿದ್ಧವಿತ್ತು. ಐದಕ್ಕೆ ಇನ್ನೂ ಮೂರು ನಿಮಿಷವಿರುವಾಗ ಅವನು ಸಂಘಮಿತ್ರಳ ಎದುರು ಕುಳಿತು, ಸೋತವನ ಮುಖ ಮಾಡಿ ಕೈ ಚಾಚಿದ.

"ಬ್ಯಾಂಡೇಜ್ ಒದ್ದೆ ಆಗಿದೆಯಲ್ಲ ಅಣ್ಣಾ?" ಎಂದಳು ಸುರುಳಿ ಬಿಚ್ಚುತ್ತಾ.

"ಶಾಖ ತಗೊಂಡೆ ಮೇಡಮ್ಮೋರೆ. ಮನೇಲಿ, ಬಿಸಿನೀರಲ್ಲಿ. ನೀವು ಅವತ್ತು ಇಡಿಸಿದ್ರಲ್ಲ, ಹಂಗೇಯ."

ಕೊನೆಯ ಸುತ್ತು ಕಳಚಿತು. ಸಂಘಮಿತ್ರ ಕೈಯನ್ನು ಬೆಳಕಿಗೆ ತಿರುಗಿಸಿ ನೋಡಿ, ಅವನ ಎಡಗೈಯನ್ನೂ ಎಳೆದು ಪಕ್ಕದಲ್ಲಿಟ್ಟು ನೋಡಿ, ಹುಡುಗಿಯಂತೆ ಹಿಗ್ಗಿ ಕುರ್ಚಿಯಿಂದೆದ್ದಳು. "ಅಯ್ಯೋ ಅಣ್ಣಾ, ಅವತ್ತು ಇಡಿಸಿದ್ದು ಶಾಖಕ್ಕಲ್ಲ, ಪರೀಕ್ಷೆಗೆ! ನರ ಸತ್ತಿರೋ ಬೆರಳು ಎಷ್ಟು ಹೊತ್ತು ನೆನೆದ್ರೂ ನುಣ್ಣಗೇ ಇರುತ್ತೆ, ಅವತ್ತು ನಿಮ್ದು ಹಾಗೇ ಇತ್ತು. ಈಗ ನೋಡಿ, ಎಡಗೈದರ ಹಾಗೇ ಬಲಗೈದೂ ಐದೂ ಬೆರಳು ಒಣದ್ರಾಕ್ಷಿ ಥರ ಸುಕ್ಕಾಗಿವೆ. ಇದನ್ನ ಯಾರೂ ಬೇಕೂಂತ ತಡೆಯೋಕಾಗಲ್ಲ. ನಿಮ್ಮ ಕೈಗೆ ಜೀವ ಬಂದಿದೆ!" ಅವಳು ಮೊಬೈಲಿನಲ್ಲಿ ಆ ಬೆರಳುಗಳ ಚಿತ್ರ ಹಿಡಿದಳು. ಬಳಿಕ, ಭೀಮರಾಜ ಎರಡು ತಿಂಗಳು ತನ್ನ ಸಾಕ್ಷಿಯೆಂದು ಕಾಪಾಡಿಕೊಂಡು ಬಂದಿದ್ದ ಅದೇ ಪುಸ್ತಕದಲ್ಲಿ, ದಿನಾಂಕ ಹಾಕಿ, ಗಡಿಯಾರ ನೋಡಿ ಗಂಟೆ ಹಾಕಿ, ಸುಂದರವಾದ ಅಕ್ಷರಗಳಲ್ಲಿ ಬರೆದಳು: ಎರಡೂ ಕೈಗಳು ಬಹಳ ಹೊತ್ತು ನೀರಿನಲ್ಲಿದ್ದವು, ಎರಡೂ ಜೀವಂತ. ಕೆಳಗೆ ಬೀದಿಯಲ್ಲಿ ಯಾರೋ ಚಲಪತಿಯ ಹೆಸರು ಕೂಗುತ್ತಾ ಹೊಂಡದ ಕಡೆಗೆ ಓಡಿದರು.