ಮೂರು ಗೀಟಿನ ನಾಣ್ಯ

“ಎಡಗೈಲೆ ಆಧಾರ್ ಕಾರ್ಡ್ ತೋರಿಸಿದ್ರ ಬಸ್ ಪಂಚರ್ ಆಗ್ತೈತ್ರಿ, ಮೇಡಮ್ಮಾರ.”

ಮುದ್ದೇಬಿಹಾಳದ ಮುಂಜಾನೆಯ ಬಸ್ಸು. ಕಿಟಕಿ ಪಕ್ಕ ಕೂತಿದ್ದ ಗುಲನಾಜ ಗಾಬರಿಯಾಗಿ ಕೈ ಬದಲಿಸಲು ಹೋದಳು, ಕಾರ್ಡು ಕೆಳಗೆ ಬಿತ್ತು. ಅವಳೂ ಕಂಡಕ್ಟರನೂ ಒಮ್ಮೆಲೇ ಬಾಗಿದರು. ಅವನ ಟಿಕೆಟ್ ಮಷೀನು ಅವಳ ಹಣೆಗೆ ಟಣ್ಣಂತ ಬಡಿಯಿತು.

“ಅಯ್ಯಯ್ಯ, ಪೆಟ್ಟಾತೇನು?”

“ಇಲ್ರಿ.”

“ನಾ ಮಷೀನಿಗೆ ಕೇಳಿದೆ.”

ನಗು ತುಟಿಯ ತನಕ ಬಂದಿತ್ತು. ಅದನ್ನು ದುಪಟ್ಟಾದ ತುದಿಯೊಳಗೆ ಬಚ್ಚಿಟ್ಟುಕೊಂಡು, ಬಸವನ ಬಾಗೇವಾಡಿ ಬರುವವರೆಗೂ ಹೊರಗಿನ ತೊಗರಿ ಹೊಲವನ್ನೇ ನೋಡಿದಳು.

ಬಿ.ಎ. ಮುಗಿಸಿದ ಗುಲನಾಜಳಿಗೆ ಬಾಗೇವಾಡಿಯ ಝೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಕೆಲಸ. ಮನೆಯಲ್ಲಿ ಅಬ್ಬಾನ ಕೆಲಸಕ್ಕೂ ಕೈಜೋಡಿಸುತ್ತಿದ್ದಳು. ಅಬ್ಬಾ ಬಾಬುಲಾಲ, ಬೆಳ್ಳಿ ತಗಡಿನ ಮೇಲೆ ತನ್ನ ಅಜ್ಜನ ಕಾಲದ ಅಚ್ಚು ಹೊಡೆದು, ಪಾರಸಿ ಅಕ್ಷರದ ಹಳೇ ನಾಣ್ಯದಂಥ ಬಿಲ್ಲೆ ಮಾಡುತ್ತಿದ್ದ. ಮಗಳು ಒಂದೊಂದು ಬಿಲ್ಲೆಯ ಅಂಚಿಗೂ ಕಾನಸೆಂಬ ಸಣ್ಣ ಅರದಿಂದ ತಿಕ್ಕಿ ಮೂರು ಗೀಟು ಎಳೆಯುವಳು. ಗೀಟಿದ್ದರೆ ಬೆಸುಗೆ ಕಚ್ಚುತ್ತದೆ. ಅಲ್ಲಿ ಸಣ್ಣ ಕೊಂಡಿ ಬೆಸೆದು ಪೋಣಿಸಿದರೆ ಪುತಳಿ ಸರ. ಚಡಚಣದ ವ್ಯಾಪಾರಿಯೊಬ್ಬ ಬಂದು ಕಟ್ಟುಗಟ್ಟಲೆ ಒಯ್ಯುತ್ತಿದ್ದ.

ಕಂಡಕ್ಟರ್ ತಬ್ರೇಜ ಸಿಂದಗಿಯವನು. ಅವನಿಗೆ ಹಳೇ ನಾಣ್ಯದ ಹುಚ್ಚು. ಬಸ್ಸು ಖಾಲಿಯಾದರೆ ಸಾಕು, ಒಂದು ನಾಣ್ಯವನ್ನು ಬೆರಳ ತುದಿಯ ಮೇಲೆ ನಿಲ್ಲಿಸಿ, ಇನ್ನೊಂದರಿಂದ ಮೆಲ್ಲಗೆ ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದ. ಹಾಗೆ ಕೇಳುವಾಗ ಅವನ ಎಡ ಹುಬ್ಬು ತುಸು ಮೇಲೇರುತ್ತಿತ್ತು. ಆ ಹುಬ್ಬಿನ ಬಗ್ಗೆ ಗುಲನಾಜ ಡೈರಿಯಲ್ಲಿ ಒಂದು ಇಡೀ ಪುಟ ಬರೆದಿದ್ದಳು.

“ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಎಲ್ಲಾ ಕಡೆ ನಮ್ಮಂಥ ಹುಚ್ಚರದಾರ್ರಿ,” ಎಂದು ಫೋನಿನಲ್ಲಿದ್ದ ತನ್ನ ಗ್ರೂಪು ತೋರಿಸಿದ. “ಪೆನ್ಶನ್ ಬಂದ್ರ ಗುಳಿಗಿ ಬಿಟ್ಟು ನಾಣ್ಯ ತಗೋತಾರ. ಅಂಥವರಿಗೆ ಖೋಟಾ ಕೊಡೋದಂದ್ರ ಕುರುಡನ ಕೈಯಾಗಿನ ಕೋಲು ಕಸಗೊಂಡಂಗ. ನನಗ ಖೋಟಾ ಸಿಕ್ತಂದ್ರ ಉಳಿ ಇಟ್ಟು ಎರಡು ಹೋಳು ಮಾಡ್ತೇನಿ. ಮತ್ತ ಸಂತಿ ಮುಟ್ಟಬಾರದು ನೋಡ್ರಿ.”

“ಹ್ಞೂಂ,” ಅಂದಳು.

“ಖೋಟಾ ಮಾಡಿದವ್ರು ಸಿಕ್ರ ಅವ್ರನ್ನೂ ಹೋಳು ಮಾಡ್ಬೇಕಂತೀರೇನು?”

“ಹ್ಞೂಂ.”

ಡೈರಿಯಲ್ಲಿ: *ಇವತ್ತು ಎರಡು ಸಲ ಹ್ಞೂಂ ಅಂದೆ. ನಾಳೆ ಮೂರು.*

ಆ ಮೂರನೆಯ ಹ್ಞೂಂ ಬಾಯಿಂದ ಹೊರಡಲಿಲ್ಲ. ಮರುದಿನ ಸಂಜೆ, ಹಿಂದಿರುಗುವ ಬಸ್ಸಿನಲ್ಲಿ ಮನಗೂಳಿಯ ಶ್ರೀಶೈಲಪ್ಪ ಮಾಸ್ತರರು ಕೂತಿದ್ದರು. ನಿವೃತ್ತರು, ತಬ್ರೇಜನ ಗ್ರೂಪಿನ ಹಿರಿಯರು. ಮುದ್ದೇಬಿಹಾಳದ ಮಗಳ ಮನೆಗೆ ಹೊರಟಿದ್ದವರು ಕರವಸ್ತ್ರ ಬಿಚ್ಚಿ ಎಂಟು ಬೆಳ್ಳಿ ನಾಣ್ಯ ತೋರಿಸಿದರು.

“ಚಡಚಣ ಸಂತ್ಯಾಗ ಸಿಕ್ಕಾವ ತಮ್ಮಾ. ನಲವತ್ತು ವರ್ಷದಿಂದ ಹುಡುಕಾಕತ್ತಿದ್ದೆ. ನೀ ಒಂದು ಮಾತು ಹೇಳಿಬಿಡು.”

ತಬ್ರೇಜ ತಟ್ಟಿದ. ಕೇಳಿದ. ಹುಬ್ಬು ಮೇಲೇರಿತು. “ದನಿ ಬೆಳ್ಳೀದು. ಅಚ್ಚು ಹೊಡದದ್ದು, ಎರಕಾ ಅಲ್ಲ. ಖರೇ ಅದಾವ್ರಿ ಮಾಸ್ತರ!”

ಮಾಸ್ತರರ ಕಣ್ಣು ತುಂಬಿದವು. ಪಕ್ಕದ ಸೀಟಿನವಳಿಗೂ ತೋರಿಸಬೇಕೆನ್ನಿಸಿ, ಒಂದನ್ನು ಗುಲನಾಜಳ ಅಂಗೈಯಲ್ಲಿಟ್ಟರು.

ಯಾರೋ ಹೊಗೆ ಹಿಡಿಸಿ ಕಪ್ಪಾಗಿಸಿದ್ದರು. ಆದರೂ ಅಂಚಿನ ಮೇಲೆ ಮೂರು ಗೀಟು. ಎಡಕ್ಕೆ ವಾಲಿದ್ದವು. ಬಲಗೈಯವರು ಎಳೆದರೆ ಹಾಗೆ ವಾಲುವುದಿಲ್ಲ.

ಅವಳದೇ ಕೈ. ಚಡಚಣದವನು ಸರ ಬಿಚ್ಚಿ, ಕೊಂಡಿ ಕಿತ್ತು, ಬಿಲ್ಲೆಗಳನ್ನು ನಾಣ್ಯವೆಂದು ಮಾರುತ್ತಿದ್ದ.

“ಹೆಂಗೈತಿ ಯವ್ವಾ?” ಮಾಸ್ತರರು ಕೇಳಿದರು.

“ಛಂದ ಐತ್ರಿ,” ಎಂದಳು. ಆ ಮಾತು ಬಾಯಿಂದ ಬಿದ್ದ ಮೇಲೆ ಎತ್ತಿಕೊಳ್ಳಲು ಬರಲಿಲ್ಲ.

ಎಂಟು ದಿನ. ದಿನಾ ಬಸ್ಸು ಹತ್ತುವಾಗ ಹೇಳಬೇಕು ಎಂದುಕೊಳ್ಳುವಳು. ಇಳಿಯುವಾಗ ನಾಳೆ ಎಂದುಕೊಳ್ಳುವಳು. ಹೇಳಿದರೆ ಅಬ್ಬಾ ಖೋಟಾದವನಾಗುತ್ತಾನೆ. ಬಾಯಿ ಮುಚ್ಚಿಕೊಂಡರೆ ತಬ್ರೇಜನ ಮಾತು ನಂಬಿ ಇನ್ನೂ ಎಷ್ಟು ಜನ ಕೊಳ್ಳುತ್ತಾರೋ. ಮಾಸ್ತರರ ನಾಣ್ಯಗಳ ಫೋಟೊ ಗ್ರೂಪಿನಲ್ಲಿ ಓಡಾಡಿತ್ತು. ಇಂಡಿಯವರೊಬ್ಬರು ಆಗಲೇ ಹದಿನೈದು ತಂದಿದ್ದರಂತೆ. ಅದನ್ನು ಅವನು ಖುಷಿಯಿಂದ ಹೇಳಿದಾಗ, ಅವಳು ಎಡಗೈಯನ್ನು ದುಪಟ್ಟಾದೊಳಗೆ ಎಳೆದುಕೊಂಡಳು.

“ಯಾಕ್ರಿ, ಕೈಗೆ ಏನಾತು? ನಾ ಚ್ಯಾಷ್ಟಿ ಮಾಡಿದ್ದಕ್ಕ ಸಿಟ್ಟೇನು?”

ಅವನ ಮುಖ ಇಷ್ಟೇ ಇಷ್ಟಾಗಿತ್ತು. ಅದನ್ನು ನೋಡಲಾಗಲಿಲ್ಲ ಅವಳಿಗೆ. ಬಾಗೇವಾಡಿ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತು ನಿಮಿಷ ನಿಂತಾಗ, ಪರ್ಸಿನಿಂದ ಕೊಂಡಿ ಇದ್ದ ಒಂದು ಬಿಲ್ಲೆ, ಕೊಂಡಿ ಹಚ್ಚದ ಇನ್ನೊಂದು ಬಿಲ್ಲೆ ತೆಗೆದು ಅವನ ಕೈಯಲ್ಲಿಟ್ಟಳು. ಎಡಗೈಯಿಂದಲೇ.

“ಗೀಟು ನೋಡ್ರಿ. ಇವು ನಾನು ಎಳದದ್ದು. ಸರಕ್ಕಂತ.”

ತಬ್ರೇಜ ನೋಡಿದ. ಬಿಲ್ಲೆ ನೋಡಿದ, ಅವಳ ಕೈ ನೋಡಿದ, ಮತ್ತೆ ಬಿಲ್ಲೆ ನೋಡಿದ. ಈ ಸಲ ಹುಬ್ಬು ಏಳಲಿಲ್ಲ.

“ನಾ ಖರೇ ಅಂತ ಹೇಳಿದ್ನಲ್ಲ,” ಎಂದ ಕಡೆಗೆ. ಸಣ್ಣ ದನಿ. “ಮಾಸ್ತರ ಅತ್ತುಬಿಟ್ರು.”

“ನನ್ನ ಹೆಸರು ಹಾಕಿ ಗ್ರೂಪಿಗೆ ಬರೀರಿ.”

“ಬರದ್ರ ನಿಮ್ಮ ಮನಿ ಬಾಗಿಲಿಗೆ ಮಂದಿ ಬರ್ತಾರ. ಬರೀಲಿಲ್ಲಂದ್ರ ಇನ್ನೊಬ್ರು ಮುಳಗ್ತಾರ. ಏನ್ಮಾಡ್ಲಿ ಗುಲನಾಜ?”

ಮೇಡಮ್ಮಾರ ಅನ್ನಲಿಲ್ಲ. ಮೊದಲ ಸಲ ಹೆಸರು ಹಿಡಿದು ಕರೆದದ್ದು, ಇಂಥಾ ಹೊತ್ತಿನಲ್ಲಿ.

“ಹಂಗಾರ ನಾನ ಹೇಳ್ತೇನಿ.”

ಅವನು ಫೋನು ಹಿಡಿದು ಮೈಕಿನ ಗುರುತು ಒತ್ತಿದ. ನಾಲ್ಕು ಜನರೆದುರು ನೀರು ಕೇಳಲು ನಾಚುವವಳು, ಗ್ರೂಪಿನ ಇನ್ನೂರು ಜನರಿಗೆ ಹೇಳಿದಳು: ನಾನು ಬಾಬುಲಾಲರ ಮಗಳು, ಇವು ಪುತಳಿ ಸರದ ಬಿಲ್ಲೆಗಳು, ಎಡಕ್ಕೆ ವಾಲಿದ ಮೂರು ಗೀಟಿದ್ದರೆ ನಾಣ್ಯವೆಂದು ಕೊಳ್ಳಬೇಡಿ, ನಮ್ಮ ಅಬ್ಬಾನಿಗೆ ಈ ಮೋಸ ಗೊತ್ತಿರಲಿಲ್ಲ.

ಮುಗಿಸಿ ಉಸಿರು ಬಿಟ್ಟಳು. ತಬ್ರೇಜ ಫೋನು ನೋಡಿ ತಲೆ ಕೆರೆದುಕೊಂಡ.

“ಬೆರಳು ಜಾರಿತ್ರಿ. ಹೋಗಿಲ್ಲ. ಮತ್ತೊಮ್ಮೆ ಹೇಳ್ತೀರೇನು?”

ಅಳುವುದೋ ನಗುವುದೋ ತಿಳಿಯದೆ ಮತ್ತೊಮ್ಮೆ ಹೇಳಿದಳು. ತಬ್ರೇಜ ಅದರ ಕೆಳಗೆ ಒಂದೇ ಸಾಲು ಟೈಪ್ ಮಾಡಿದ: *ಖರೇ ಅಂತ ಹೇಳಿದ್ದು ನನ್ನ ತಪ್ಪು.*

ಸಂಜೆಗಾಗಲೇ ಸುದ್ದಿ ಮನೆ ಮುಟ್ಟಿತ್ತು. ಅಬ್ಬಾ ಬೈಯಲಿಲ್ಲ. ಅಚ್ಚನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟ. “ನನಗ ಮೊದಲ ಹೇಳ್ಬೇಕಿತ್ತಿಲ್ಲ ಬೇಟಿ,” ಎಂದ. “ನಾಳಿಂದ ಬಾಗೇವಾಡಿ ಬ್ಯಾಡ.”

ಮರುದಿನ ಮುಂಜಾನೆ ಬಸ್ಸು ಓಣಿಯ ತಿರುವಿನಲ್ಲಿ ಎರಡು ಸಲ ಹಾರ್ನ್ ಹೊಡೆಯಿತು. ಅದರ ಮರುದಿನವೂ. ಗುಲನಾಜ ಜೋಳದ ಹಿಟ್ಟು ನಾದುತ್ತ ಕೇಳಿದಳು. ಬಾರದವಳಿಗಾಗಿ ಬಸ್ಸು ಎಷ್ಟೊತ್ತು ನಿಂತೀತು? ಡೈರಿಯಲ್ಲಿ ಬರೆಯಲು ಹಾರ್ನ್ ಬಿಟ್ಟು ಬೇರೇನೂ ಇರಲಿಲ್ಲ.

ನಾಲ್ಕನೆಯ ವಾರ ಶ್ರೀಶೈಲಪ್ಪ ಮಾಸ್ತರರು ಬಂದರು. ಅವರ ಮುಖ ನೋಡಲಾರದೆ ಗುಲನಾಜ ಬಾಗಿಲ ಮರೆಯಲ್ಲಿ ನಿಂತಳು.

“ಬಾಬುಲಾಲ, ಇವನ್ನ ಒಡ್ಯಾಕ ನಾ ಆ ಕಂಡಕ್ಟರ್ ತಮ್ಮಗ ಕೊಡಲಿಲ್ಲಪಾ,” ಎಂದು ಕರವಸ್ತ್ರ ಬಿಚ್ಚಿದರು. “ಮೊಮ್ಮಗಳು ದೊಡ್ಡಾಕಿ ಆಗ್ಯಾಳ. ಕೊಂಡಿ ಹಚ್ಚಿಕೊಡ್ರಿ, ಸರ ಮಾಡ್ತೇನಿ. ಸರ ಅಂತ ಕರದ್ರ ಸುಳ್ಳ ಅಲ್ಲಲ್ಲ!”

ಅಬ್ಬಾ ಎಣಿಸಿದ. “ಒಂಬತ್ತು ಅದಾವ್ರಿ ಮಾಸ್ತರ.”

“ಒಂಬತ್ತನೇದು ನಂದಲ್ಲ. ಚೀಟಿ ಐತಿ ನೋಡು.”

ಅದು ಬಸ್ಸಿನಲ್ಲಿ ಹೆಂಗಸರಿಗೆ ಕೊಡುವ ಝೀರೋ ಟಿಕೆಟು. ಹಿಂದೆ ಪೆನ್ನಿನಿಂದ ಬರೆದಿತ್ತು: *ಗುಲನಾಜ, ಖೋಟಾ ಅಂತ ಗೊತ್ತಿದ್ದೂ ಹೋಳು ಮಾಡಾಕ ಆಗದ್ದು ಇದೊಂದ, ನೀವು ಕೊಟ್ಟ ಕೊಂಡಿ ಇಲ್ಲದ್ದು. ಉಳಿ ಎತ್ತಿದೆ, ಕೈ ಬರಲಿಲ್ಲ. ನಿಮ್ಮ ಅಬ್ಬಾ ಒಪ್ಪಿದ್ರ ನಮ್ಮ ಮನಿಯವ್ರು ಬರ್ತಾರ. ಒಪ್ಪಲಿಲ್ಲಂದ್ರೂ ಹಾರ್ನ್ ಮಾತ್ರ ಬಿಡಂಗಿಲ್ಲ. ಡ್ರೈವರಗ ಹೇಳೇನಿ.*

ಅಬ್ಬಾ ಅದನ್ನು ಎರಡು ಸಲ ಓದಿದ. ಒಳಗೆ ಹೋಗಿ ಕಾನಸು ತಂದು ಮಗಳ ಎಡಗೈಯಲ್ಲಿಟ್ಟ.

“ಕೊಂಡಿ ಗಟ್ಟಿ ಹಚ್ಚು,” ಎಂದ. “ಯಾರೂ ಕೀಳಲಾರದ್ಹಂಗ.”

ಮರುದಿನ ಎರಡನೆಯ ಹಾರ್ನಿಗೆ ಮೊದಲೇ ಅವಳು ತಿರುವಿನಲ್ಲಿದ್ದಳು. ಕೊರಳಲ್ಲಿ ಕರಿ ದಾರ, ದಾರದಲ್ಲಿ ಒಂದೇ ಬಿಲ್ಲೆ. ಬಸ್ಸು ನಿಂತಿತು. ತಬ್ರೇಜ ಬಾಗಿಲ ಕಂಬಿ ಹಿಡಿದು ಬಿಲ್ಲೆಯನ್ನೇ ನೋಡುತ್ತ ನಿಂತ.

ಗುಲನಾಜ ಮೆಟ್ಟಿಲು ಹತ್ತಿ, ಎಡಗೈಯಿಂದ ಆಧಾರ್ ಕಾರ್ಡು ಚಾಚಿದಳು.

“ಪಂಚರ್ ಆಗ್ತೈತೇನ್ರಿ?”

ಮುಂದಿನಿಂದ ಡ್ರೈವರು ಕೂಗಿದ: “ಏ ತಬ್ರೇಜ! ರೈಟ್ ಅನ್ನೋ ಮಾರಾಯಾ!”

ಅವನಿಗೆ ರೈಟ್ ಅನ್ನಲೂ ಆಗಲಿಲ್ಲ.