ಬೇವಿನ ಗಿಡದ ನೇರಕ್ಕೆ

"ತಂತಿ ಜೋಡಿಸಾವಗ ಮಣ್ಣು ಯಾತಕ್ಕ?"

ತೀರಿಕೊಳ್ಳುವ ಮುಂಚಿನ ವರ್ಷ ಅಪ್ಪ ಆಡಿದ ಈ ಮಾತನ್ನು ಶ್ರೀಪಾಲ ಒಂಬತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ. ಅಪ್ಪ ಅದನ್ನು ಬಸದಿಯ ಕಟ್ಟೆಯ ಮೇಲೆ ಕೂತು ನಗುತ್ತಲೇ ಆಡಿದ್ದ. ಕೇಳಿದವರೂ ನಕ್ಕು, ಮನೆಗೆ ಹೋಗುವಷ್ಟರಲ್ಲಿ ಮರೆತಿದ್ದರು. ಮರೆಯದವನು ಇವನೊಬ್ಬನೇ.

ಅಣ್ಣ ಪಾರಿಸ ಕಾಮಾಲೆಯಾಗಿ ಚಿಕ್ಕ ವಯಸ್ಸಿನಲ್ಲೇ ಹೋದ. ಆಗ ಅಪ್ಪ ತಮ್ಮೂರಾದ ದಿಗ್ಗೇವಾಡಿಯ ಹೊಳೆದಂಡೆಯ ಎರೆಹೊಲವನ್ನು ಬಾವಿ ಸಮೇತ ಪಾರಿಸನ ಹೆಂಡತಿ ರಾಜಮತಿಗೆಂದು ಒಂದು ಕಾಗದದಲ್ಲಿ ಬರೆದಿಟ್ಟ. ಚಿಕ್ಕೋಡಿಯಲ್ಲಿ ರೇಡಿಯೋ ದುರಸ್ತಿ ಅಂಗಡಿ ಇಟ್ಟಿದ್ದ ಶ್ರೀಪಾಲನಿಗೆ ಉಳಿದದ್ದು ಊರ ಮೇಲಿನ ಬರಡು ಮಡ್ಡಿ. ಆ ಮಡ್ಡಿಯಲ್ಲಿ ಕಲ್ಲು ಆರಿಸಿ ಆರಿಸಿ ಅವನ ಹೆಂಡತಿ ಕುಸುಮ ಬೆನ್ನು ಕೆಡಿಸಿಕೊಂಡಳು. ಕೆಳಗೆ ರಾಜಮತಿಯ ಕಬ್ಬು ಆಳೆತ್ತರ ನಿಂತು ಗಾಳಿಗೆ ಸಪ್ಪಳ ಮಾಡುವುದು ಮಡ್ಡಿಯವರೆಗೂ ಕೇಳುತ್ತಿತ್ತು. ರಾಜಮತಿ ಕೆಟ್ಟವಳಲ್ಲ. ಹಬ್ಬ ಬಂದರೆ ಹೋಳಿಗೆ ಕಳಿಸುತ್ತಿದ್ದಳು. ಅವನಿಗೆ ಅದೇ ಹೆಚ್ಚು ಕಹಿ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹೋಳಿಗೆಗೆ ಏನು ಮಾಡುವುದು?

ಚಿಕ್ಕೋಡಿ ಕೋರ್ಟಿನಲ್ಲಿ ಅವನು ದಾವೆ ಹಾಕಿದ. ಕಾಗದ ನೋಂದಣಿಯಾಗಿರಲಿಲ್ಲ. ಸಾಕ್ಷಿ ಹಾಕಿದ ಇಬ್ಬರು ಹಿರಿಯರೂ ತೀರಿಹೋಗಿದ್ದರು. ಆ ಒಂದು ಹಾಳೆ ಇರುವತನಕ ರಾಜಮತಿಯ ಕೈ ಮೇಲು. ಅದು ಇಲ್ಲವಾದರೆ ಉಳಿಯುವುದು ಒಬ್ಬ ವಿಧವೆಯ ಬಾಯಿಮಾತು. ಆಮೇಲೆ ಹೊಲವೆಲ್ಲ ಒಂದಾಗಿ ಹೊಸದಾಗಿ ಪಾಲಾಗಬೇಕು, ಬಾವಿಯ ಪಾಲು ಯಾರಿಗೆ ಬರಬೇಕು ಎಂಬುದನ್ನು ಅವನ ವಕೀಲ ನೋಡಿಕೊಳ್ಳುತ್ತಾನೆ. ಶ್ರಾವಣದ ಕೊನೆಯ ಮಂಗಳವಾರ ಮೂಲ ಪತ್ರ ತಂದು ತೋರಿಸಬೇಕೆಂದು ತಾರೀಖು ಬಿದ್ದಿತ್ತು.

ಚಿಕ್ಕೋಡಿಗೆ ಝೆರಾಕ್ಸ್ ಮಷಿನ್ ಬಂದು ಎರಡು ವರ್ಷವಾಗಿತ್ತು. ಒಂದು ದಿನ ರಾಜಮತಿ ತನ್ನ ಮೇಲೆ ದಾವೆ ಹಾಕಿದ ಮೈದುನನನ್ನೇ ಕೇಳಿದಳು.

"ಶ್ರೀಪಾಲಾ, ಮಾವಾರ ಕಾಗದದ್ದು ಒಂದು ಝೆರಾಕ್ಸ್ ತಗಸಿ ಇಡ್ರಿ ಅಂತಾರ ವಕೀಲರು. ಮಷಿನ್ದು ನಿನಗ ತಿಳೀತೈತಿ. ತಗಸಲೇನು?"

"ಹಳೇ ಕಾಗದ ಐತಿ ವೈನಿ. ಆ ಮಷಿನ್ದಾಗಿನ ಬೆಳಕು ಭಾಳ ಖಡಕ್. ಶಾಯಿ ಹಾರಿ ಹೋತಂದ್ರ ಆಮ್ಯಾಲ ನನಗ ಅನಬ್ಯಾಡ್ರಿ."

ಅವಳು ಹೌದೆಂದು ತಲೆಯಾಡಿಸಿದಳು. ಕಾಗದ ಮತ್ತೆ ಅತ್ತೆಯ ಕಾಲದ ಕಬ್ಬಿಣದ ಟ್ರಂಕಿಗೆ ಹೋಯಿತು. ಟ್ರಂಕಿನ ಕೀಲಿಕೈ ದೇವರ ಮಾಡದಲ್ಲಿ ಪಾರ್ಶ್ವನಾಥನ ಪಟದ ಹಿಂದೆ. ಅವ್ವ ಇಡುತ್ತಿದ್ದ ಜಾಗ ಅದು, ಶ್ರೀಪಾಲ ಹುಟ್ಟಿದಾಗಿನಿಂದ ಬಲ್ಲ.

ಕಾಗದ ಎಲ್ಲಿದೆ ಎಂಬುದು ಗೊತ್ತಿತ್ತು. ಗೊತ್ತಾಗದೇ ಇದ್ದದ್ದು ಮನೆ ಯಾವಾಗ ಬರಿದಾಗುತ್ತದೆ ಎಂಬುದು. ರಾಜಮತಿ ಹೊಲಕ್ಕೆ ಹೋದರೆ ಎದುರುಮನೆಯ ತಾರವ್ವ ಕಟ್ಟೆಯ ಮೇಲಿರುತ್ತಿದ್ದಳು. ತಾರವ್ವನಿಗೆ ಎಪ್ಪತ್ತು. ಒಂದು ಕಣ್ಣಿಗೆ ಪೊರೆ ಬಂದಿದ್ದರೂ ಓಣಿಯಲ್ಲಿ ಬೆಕ್ಕು ಹಾದುಹೋದರೂ ಯಾರ ಮನೆಯದೆಂದು ಹೇಳುತ್ತಿದ್ದಳು. ಆಚೀಚೆ ಮನೆಗಳಲ್ಲಿ ಹಿಟ್ಟು ಬೀಸುವವರು, ಕಾಳು ಹಸನು ಮಾಡುವವರು. ಆ ಓಣಿ ಒಂದು ಗಳಿಗೆಯೂ ಖಾಲಿಯಾದದ್ದನ್ನು ಅವನು ಕಂಡಿರಲಿಲ್ಲ.

ಇಂಥ ಹೊತ್ತಿನಲ್ಲಿ ಅದೇ ಓಣಿಯಲ್ಲಿದ್ದ ಜೈನ ಸಮಾಜದ ಸಭೆಯ ಹಾಲಿಗೆ ಟಿ.ವಿ. ತರುವ ಮಾತು ಬಂತು. ರವಿವಾರ ಮುಂಜಾನೆ ದೇವರ ಕತೆ ಬರುತ್ತದೆ, ನಿಪ್ಪಾಣಿ ಚಿಕ್ಕೋಡಿಗಳಲ್ಲಿ ಆ ಹೊತ್ತಿಗೆ ರಸ್ತೆಯಲ್ಲಿ ಒಂದು ಪಿಳ್ಳೆಯೂ ಇರುವುದಿಲ್ಲ ಎಂದು ಎಲ್ಲರೂ ಹೇಳುವವರೇ. ಕಮಿಟಿಯ ಹಿರಿಯ ರಾವಸಾಹೇಬರು ಶ್ರೀಪಾಲನನ್ನು ಕರೆಸಿದರು. ಯಾವ ಸೆಟ್ಟು, ಎಷ್ಟು ದೊಡ್ಡದು, ಹೇಗೆ ಕೂಡಿಸುವುದು, ಅವನಲ್ಲದೆ ಇನ್ನಾರು ಹೇಳಬೇಕು? ರಸ್ತೆಯಲ್ಲಿ ಪಿಳ್ಳೆಯೂ ಇರುವುದಿಲ್ಲ ಎಂಬ ಮಾತು ಅವನ ಎದೆಯೊಳಗೆ ಇಳಿದು ಅಲ್ಲೇ ಕೂತಿತು.

"ಬಣ್ಣದ್ದ ತರೂಣ್ರಿ," ಎಂದ ಟ್ರ್ಯಾಕ್ಟರಿನ ಜಿನ್ನಪ್ಪ. "ನಮ್ಮ ಬೀಗರ ಮನ್ಯಾಗ ಐತಿ. ದೇವರ ಮೈ ನೀಲಿ ಕಾಣಸ್ತೈತಿ."

"ಕರೆಂಟ್ ಇದ್ದರ ನೀಲಿ," ಎಂದ ಶ್ರೀಪಾಲ. "ಕರೆಂಟ್ ಹೋತಂದ್ರ ದೇವರು ನೀಲಿನೂ ಇಲ್ಲ, ಕರಿನೂ ಇಲ್ಲ. ನಮ್ಮೂರಾಗ ಕರೆಂಟ್ ಯಾವತ್ತು ಪೂರಾ ಒಂದ ತಾಸ ನಿಂತೈತಿ ಹೇಳು."

ಹದಿನಾಲ್ಕು ಇಂಚಿನ ಕಪ್ಪು-ಬಿಳುಪು ಸಾಕು, ಅದು ಟ್ರ್ಯಾಕ್ಟರಿನ ಬ್ಯಾಟರಿಯ ಮೇಲೂ ನಡೆಯುತ್ತದೆ ಎಂದು ಅವನು ವಿವರಿಸಿದ. ಮನೆಮನೆಯಿಂದ ಕೂಡಿದ ವರ್ಗಣಿಯ ಹಣದಲ್ಲಿ ಸೆಟ್ಟು ಹೋಗಿ ಇನ್ನೊಂದು ಸಾಮಾನಿಗಷ್ಟೇ ದಾರಿ ಇತ್ತು. ಹೊಸ ಬ್ಯಾಟರಿ ಬೇಕೋ, ಗಾಳಿಗೂ ಚಿತ್ರ ಕೆಡದಂತೆ ಹಿಡಿಯುವ ಎತ್ತರದ ಕಂಬ ಮತ್ತು ಬೂಸ್ಟರ್ ಬೇಕೋ? ಶ್ರೀಪಾಲ ಕ್ಷಣವೂ ತಡೆಯಲಿಲ್ಲ.

"ಬ್ಯಾಟರೀನ ತರ್ರಿ. ಬೂಸ್ಟರ್ ಯಾತಕ್ಕ? ಮಾಳಗಿ ಮ್ಯಾಲ ಒಂದು ಪೈಪಿಗೆ ಆಂಟೆನಾ ಕಟ್ಟೂಣು. ಗಾಳಿಗೆ ತಿರುಗಿತಂದ್ರ ಒಬ್ಬಾಂವ ಹೋಗಿ ಹೊಳ್ಳಿಸಿದರಾತು. ಮಂದಿಗೇನು ಬರ ಐತೇನು ನಮ್ಮೂರಾಗ?"

ಎಲ್ಲರೂ ನಕ್ಕರು. ರಾವಸಾಹೇಬರು, "ಉಳಿತಾಯ ಅಂದ್ರ ಇದು ನೋಡ್ರಪಾ," ಎಂದು ಅವನ ಬೆನ್ನು ತಟ್ಟಿದರು.

ಅವನ ಲೆಕ್ಕ ಬೇರೆಯೇ ಇತ್ತು. ಕರೆಂಟು ಹೋದರೆ ಜನ ಎದ್ದು ಮನೆಗೆ ಹೋಗುತ್ತಾರೆ. ಎದ್ದ ಜನ ಓಣಿಯಲ್ಲಿ ಹರಡುತ್ತಾರೆ. ಏನೇ ಆದರೂ ಒಂದು ತಾಸು ಯಾರೂ ಏಳಬಾರದು. ಹೀಗೆ ಊರಿನವರ ಭಕ್ತಿಗೆ ಅವನು ಬ್ಯಾಟರಿ ಜೋಡಿಸಿದ.

ಆಂಟೆನಾ ಕಟ್ಟುವ ದಿನ ಮಾಳಿಗೆ ಹತ್ತಿದವನು ಭರಮು. ಐವತ್ತರ ಕುರುಬ, ಗಟ್ಟಿ ಆಳು. ಹಾಲಿನೊಳಗೆ ಕೂತರೆ ಕುರಿಯ ವಾಸನೆಯೆಂದು ಪಕ್ಕದವರು ಸರಿದು ಕೂರುತ್ತಿದ್ದರು. ಮೇಲೆ ಅವನಿಗೆ ಗಾಳಿಯಾದರೂ ಇತ್ತು. ಶ್ರೀಪಾಲ ಅಂಗಳದಲ್ಲಿ ನಿಂತು ಟಿ.ವಿ. ಟವರಿದ್ದ ಕೊಲ್ಹಾಪುರದ ದಿಕ್ಕಿಗೆ ಕೈಮಾಡಿದ.

"ಯಾತರ ನೇರಕ್ಕ ಹಿಡೀಲ್ರಿ?"

"ಅಗಾ, ಆ ಬೇವಿನ ಗಿಡಾ ಕಾಣಸ್ತೈತಲ್ಲ, ಅದರ ನೆತ್ತಿಗೆ ನೇರ. ಗಾಳಿ ಇದ್ದಾಗ ಅದರ ಮ್ಯಾಲಿನ ಕಣ್ಣ ತಗೀಬ್ಯಾಡ."

"ಆತ್ರಿ. ನನಗೇನು, ಕುರಿ ನೋಡೂ ಬದಲಿ ಗಿಡಾ ನೋಡೂದು."

ಮೂರು ರವಿವಾರ ಶ್ರೀಪಾಲ ಹಾಲಿನ ಬಾಗಿಲ ಬಳಿ ಕೂತು, ಪರದೆಯ ಕಡೆ ಬೆನ್ನು ಮಾಡಿ, ಕೂತವರ ಮುಖಗಳನ್ನು ಎಣಿಸಿದ. ಆ ಓಣಿಯ ಹನ್ನೊಂದು ಮನೆಯವರಲ್ಲಿ ಮೊದಲ ವಾರ ಒಂಬತ್ತು ಮನೆಯವರು ಬಂದರು. ತಾರವ್ವ ಬರಲಿಲ್ಲ.

"ನನಗ ಎಲ್ಲಿ ಕಾಣಬೇಕಪಾ," ಎಂದಳು. "ದೇವರ ಬದಲಿ ಜಿನ್ನಪ್ಪನ ಬೋಳ ತಲಿ ನೋಡಿ ಬರಬೇಕು."

ಅವನು ಪರದೆಯ ಮುಂದೆ ಅವಳಿಗೊಂದು ಕುರ್ಚಿ ಹಾಕಿಸಿದ. ಎರಡನೆಯ ವಾರ ಅವಳು ಬಂದಳು, ಬರುವಾಗ ರಾಜಮತಿಯ ಕೈಯನ್ನೂ ಹಿಡಿದು ಎಳೆದುಕೊಂಡು ಬಂದಳು. ರಾಜಮತಿ ಗೋಡೆಗೊರಗಿ ಕೂತಳು. ಪರದೆಯ ಮೇಲೆ ತಾಯಿಯೊಬ್ಬಳು ಮಗನನ್ನು ಕಾಡಿಗೆ ಕಳಿಸುತ್ತಿದ್ದಾಗ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾಳಿಗೆಯಿಂದ ಭರಮು, "ಬಂತೇನ್ರಿ?" ಎಂದು ಒದರಿದರೆ, ಹಾಲಿನ ತುಂಬ ಒಂದೇ ದನಿ, "ಬಂತು, ಬಂತು, ಹಂಗ ಇರಲಿ." ಶ್ರೀಪಾಲ ರಾಜಮತಿಯ ಕಣ್ಣೀರನ್ನು ನೋಡುತ್ತಿದ್ದ. ಇವಳು ನಡುವೆ ಎದ್ದುಹೋಗುವವಳಲ್ಲ ಎಂದು ಖಾತ್ರಿಯಾಯಿತು. ಮೂರನೆಯ ವಾರ ಹನ್ನೊಂದಕ್ಕೆ ಹನ್ನೊಂದು ಮನೆ.

"ನಿನ್ನ ಹೊಟ್ಟಿ ತಣ್ಣಗಿರಲಿ, ಮಗನ," ಎಂದಳು ತಾರವ್ವ ಹೊರಗೆ ಬರುತ್ತ. "ಸಾಯೂಕಿಂತ ಮೊದಲ ದೇವರನ್ನ ತೋರಿಸಿದಿ."

ಅವನು ಕೈಮುಗಿದ. ಆ ಗಳಿಗೆಯಲ್ಲಿ ಎದೆಯೊಳಗೆ ಏನೋ ಚುಚ್ಚಿದ್ದು ನಿಜ. ಮಡ್ಡಿಯ ಕಲ್ಲುಗಳನ್ನು ನೆನಪಿಸಿಕೊಂಡ, ನಿಂತಿತು.

ತಾರೀಖಿನ ಹಿಂದಿನ ರವಿವಾರ. ಅಂಗಡಿಯಲ್ಲಿ ತುರ್ತು ಕೆಲಸವಿದೆ ಎಂದು ಊರಿಗೆಲ್ಲ ಹೇಳಿ ಎಂಟರ ಬಸ್ಸು ಹತ್ತಿದ. ರಾವಸಾಹೇಬರೇ ನಿಲ್ದಾಣದಲ್ಲಿದ್ದರು. "ಇವತ್ತ ನೀ ಇಲ್ಲ, ಏನರ ಹೆಚ್ಚುಕಡಿಮಿ ಆದ್ರ?" ಎಂದರು. "ಎಲ್ಲಾ ಬರೋಬ್ಬರಿ ಮಾಡಿ ಇಟ್ಟೀನ್ರಿ ಕಾಕಾ. ಬ್ಯಾಟರಿ ತುಂಬೈತಿ," ಎಂದ. ಮುಂದಿನ ಊರಿನ ತಿರುವಿನಲ್ಲಿ ಇಳಿದು ಹೊಳೆಯ ದಾರಿ ಹಿಡಿದು ಕಬ್ಬಿನೊಳಗಿಂದ ಹಿಂದಿರುಗಿದ. ಕೆಲಸ ಮುಗಿಸಿ ಅದೇ ದಾರಿಯಲ್ಲಿ ಹೋಗಿ ಹತ್ತೂವರೆಯ ಬಸ್ಸು ಹಿಡಿದರಾಯಿತು. ರವಿವಾರ ಅಂಗಡಿ ಎಷ್ಟು ಹೊತ್ತಿಗೆ ತೆರೆಯಿತೆಂದು ಚಿಕ್ಕೋಡಿಯಲ್ಲಿ ಯಾರು ನೋಡುತ್ತಾರೆ?

ಪಡುವಣ ಗಾಳಿ ಜೋರಾಗಿತ್ತು. ಗಾಳಿಯೂ ತನ್ನ ಕಡೆಯೇ ಎಂದುಕೊಂಡ. ಕಬ್ಬಿನ ಸಪ್ಪಳದಲ್ಲಿ ಹೆಜ್ಜೆಯ ಸಪ್ಪಳ ಯಾರಿಗೆ ಕೇಳೀತು? ರಾಜಮತಿ ಹೊರಡಲು ತಡ ಮಾಡಿದಳು. ಮುಂಬಾಗಿಲಿಗೆ ಕೀಲಿ ಹಾಕಿದ ಶಬ್ದ ಕೇಳುವತನಕ ಅವನು ಹಿತ್ತಲಿನ ಗೋಡೆಯಾಚೆ ಕೂತು ಮನಸ್ಸಿನಲ್ಲೇ ಣಮೋಕಾರ ಮಂತ್ರ ಹೇಳಿಕೊಂಡ. ಬೇಕೆಂದು ಹೇಳಿದ್ದಲ್ಲ, ಹೆದರಿದಾಗ ಬಾಯಿಗೆ ಬರುವುದು ಅದೊಂದೇ.

ಮೂರು ಮನೆಯಾಚೆ ಹಾಲಿನಲ್ಲಿ ದೇವರ ಕತೆ ಸುರುವಾದ ಶಂಖದ ದನಿ ಕೇಳಿಸಿತು. ಅವನು ಗೋಡೆ ಹಾರಿ ಬೇವಿನ ಗಿಡದ ಬುಡಕ್ಕೆ ಇಳಿದ. ಗಿಡದಿಂದ ಹಿಂಬಾಗಿಲಿಗೆ ಹತ್ತು ಹೆಜ್ಜೆ ಬಯಲು, ನಡುವೆ ಬಟ್ಟೆ ಒಗೆಯುವ ಕಲ್ಲು. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಹಿಂದಕ್ಕೆ ನೋಡಿದ. ನಾಯಿ ಬಾಲ ಅಲ್ಲಾಡಿಸಿ ಮತ್ತೆ ಮಲಗಿತು. ಬಾಗಿಲ ಸಂದಿಯಲ್ಲಿ ತಂತಿ ತೂರಿಸಿ ಒಳಗಿನ ಚಿಲಕ ಎತ್ತಿದ. ತಂತಿ ಜೋಡಿಸಾವ, ಎಂದುಕೊಂಡು ಒಳಗೊಳಗೇ ನಕ್ಕ.

ಪಟದ ಹಿಂದೆ ಕೀಲಿಕೈ ಇತ್ತು. ಟ್ರಂಕಿನಲ್ಲಿ ಅವ್ವನ ಇಳಕಲ್ ಸೀರೆಯ ಮಡಿಕೆಯೊಳಗೆ ಕಾಗದ ಇತ್ತು. ಅದನ್ನು ಮೈಮೇಲೆ ಇಟ್ಟುಕೊಂಡು ಬಸ್ಸು ಹತ್ತುವ ಹುಚ್ಚುತನ ಅವನು ಮಾಡುವವನಲ್ಲ. ಅಡಿಗೆ ಒಲೆಯಲ್ಲಿ ಬೂದಿಯ ಕೆಳಗೆ ಕೆಂಡ ಜೀವ ಹಿಡಿದಿತ್ತು. ಎರಡು ಸಗಣಿ ಕುಳ್ಳು ಇಡುವ ಮುಂಚೆ ಒಲೆಯ ಅಂಚನ್ನು ಬೆರಳಿನಿಂದ ಸವರಿ, ಇರುವೆ ಇವೆಯೇ ಎಂದು ನೋಡಿದ. ಎರಡಿದ್ದವು. ಅವನ್ನು ನೆಲಕ್ಕೆ ಬಿಟ್ಟು, ದೂರ ಹೋಗುವತನಕ ಕಾದ. ಅವ್ವ ಕಲಿಸಿದ ರೂಢಿ. ಆಮೇಲೆ ಕುಳ್ಳಿನ ಮೇಲೆ ಕಾಗದ ಇಟ್ಟು ಊದಿದ.

ಉರಿ ಹತ್ತಿದ ಬೆಳಕಿನಲ್ಲಿ ಅಪ್ಪನ ದುಂಡಗಿನ ಅಕ್ಷರ ಒಂದು ಸಾಲು ಕಂಡಿತು. "ಕಿರಿಯ ಮಗ ಶ್ರೀಪಾಲ ಕೈಯಲ್ಲಿ ವಿದ್ಯೆ ಉಳ್ಳವನು, ಎಲ್ಲಿ ಹೋದರೂ ಬದುಕುವನು, ಅವನ ಚಿಂತೆ ನನಗಿಲ್ಲ." ಕಟ್ಟೆಯ ಮೇಲೆ ಆಡಿದ ಮಾತೇ ಅದು. ಕಾಗದದ ಮೇಲೆ ಬೇರೆ ಮಾತಿನಂತೆ ಕಂಡಿತು. ಮತ್ತೊಮ್ಮೆ ಓದಬೇಕೆನ್ನುವಷ್ಟರಲ್ಲಿ ಸಾಲು ಕಪ್ಪಾಗಿ ಸುರುಳಿಯಾಯಿತು. ಅವನು ಬೂದಿಯನ್ನು ಬೂದಿಯಲ್ಲಿ ಕಲೆಸಿದ, ಟ್ರಂಕು ಮುಚ್ಚಿದ, ಕೀಲಿಕೈಯನ್ನು ಪಟದ ಹಿಂದೆ ಇದ್ದ ಹಾಗೆಯೇ ಇಟ್ಟ. ಒಂಬತ್ತು ವರ್ಷದ ಕೆಲಸ ಕಾಲು ತಾಸಿನಲ್ಲಿ ಮುಗಿದಿತ್ತು. ಹಾಲಿನಲ್ಲಿ ಜನ ಕೂತೇ ಇದ್ದರು. ಹಿಂಬಾಗಿಲಿನ ಚಿಲಕವನ್ನು ತಂತಿಯಿಂದ ಮತ್ತೆ ಇಳಿಸಿ, ಬಟ್ಟೆ ಒಗೆಯುವ ಕಲ್ಲು ದಾಟಿದ.

"ಶ್ರೀಪಾಲಣ್ಣಾರ."

ದನಿ ಆಕಾಶದಿಂದ ಬಂದಂತಿತ್ತು. ತಲೆಯೆತ್ತಿದ. ಮೂರು ಮನೆಯಾಚೆ, ಹಾಲಿನ ಮಾಳಿಗೆಯ ಮೇಲೆ, ಗಾಳಿಗೆ ತೂಗುವ ಪೈಪನ್ನು ಎರಡೂ ಕೈಯಿಂದ ತಬ್ಬಿಕೊಂಡು ಭರಮು ನಿಂತಿದ್ದ. ಧೋತರ ಪಟಪಟ ಹೊಡೆದುಕೊಳ್ಳುತ್ತಿತ್ತು, ಮುಖದ ತುಂಬ ನಗು. ಒಂಬತ್ತೂವರೆಯಿಂದ ಅವನು ಬೇವಿನ ಗಿಡದ ಮೇಲಿನ ಕಣ್ಣು ತೆಗೆದಿರಲಿಲ್ಲ. ಕಣ್ಣು ತೆಗೆಯಬೇಡ ಎಂದು ಅವನಿಗೆ ಹೇಳಿದವನು ಶ್ರೀಪಾಲನೇ. "ನೀವು ಚಿಕ್ಕೋಡಿಗೆ ಹೋಗೀರಿ ಅಂದ್ರಲ್ರಿ," ಎಂದು ಭರಮು ಒದರಿದ. "ಆಗಿನಿಂದ ನೋಡಾಕತ್ತೇನಿ, ನೀವೋ ಅಲ್ಲೋ ಅಂತ. ಒಳಗ ಹೋದ್ರಿ, ಹೊಗಿ ಬಂತು, ಹೊರಗ ಬಂದ್ರಿ." ಆಮೇಲೆ ಕೆಳಗಿನವರಿಗೆ ಕೇಳಲೆಂದು ಮಾಳಿಗೆಯ ಅಂಚಿಗೆ ಬಗ್ಗಿದ. "ರಾವಸಾಹೇಬರ, ಚಿತ್ರದ ಚಿಂತಿ ಬಿಡ್ರಿ. ಶ್ರೀಪಾಲಣ್ಣಾರು ಊರಾಗ ಅದಾರ. ಅಗಾ, ರಾಜಮತಿ ಅಕ್ಕಾರ ಹಿತ್ತಲಾಗ." ತೋರಿಸಲೆಂದು ಕೈ ಚಾಚಿದಾಗ ಪೈಪು ಗಾಳಿಗೆ ತಿರುಗಿತು. ಬ್ಯಾಟರಿ ತುಂಬಿಯೇ ಇತ್ತು, ಚಿತ್ರ ಮಾತ್ರ ಹೋಯಿತು. ನೋಡಲು ಏನೂ ಉಳಿಯದ ಹಾಲಿನ ಜನವೆಲ್ಲ ಎದ್ದು ಹೊರಗೆ ಬಂದು ಓಣಿಯುದ್ದಕ್ಕೂ ಈ ಕಡೆ ನಡೆಯತೊಡಗಿದರು. ಎಲ್ಲರಿಗಿಂತ ಮುಂದೆ, ತಾರವ್ವನ ಕೈ ಹಿಡಿದುಕೊಂಡು, ರಾಜಮತಿ ಬರುತ್ತಿದ್ದಳು.