ಗವಿಯ ಗೋಡೆಯಿಂದ ಕಳುವಾದ ಊರುಗೋಲು

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಗಂಟೆಮಾವ ಠಾಣೆಗೆ ಬಂದ. ಚರ್ಚಿನ ಗಂಟೆ ಹೊಡೆಯುವುದು, ಅದರ ಪಕ್ಕದ ದೇವಮಾತೆಯ ಗವಿ ಗುಡಿಸುವುದು ಅವನ ಕೆಲಸ. ಅವನ ನಿಜವಾದ ಹೆಸರನ್ನು ಊರು ಎಂದೋ ಮರೆತಿದೆ.

"ಗವಿ ಗೋಡೇಲಿದ್ದ ಒಂದು ಜೊತೆ ಊರುಗೋಲು ಕಳುವಾಗಿದೆ ಸಾರ್."

ಹೆಡ್ ಕಾನ್‌ಸ್ಟೆಬಲ್‌ಗೆ ನಗು ತಡೆಯಲಾಗಲಿಲ್ಲ. "ಕದ್ದವನು ತುಂಬಾ ದೂರ ಓಡಿರಲ್ಲ ಬಿಡಿ."

ಇನ್ಸ್‌ಪೆಕ್ಟರ್ ನಗಲಿಲ್ಲ. ಈ ಊರಿನ ಅನ್ನ ಆ ಗೋಡೆಯಿಂದ ಬರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಹದಿನೇಳು ವರ್ಷಗಳ ಹಿಂದೆ ದರ್ಜಿಯ ಏಳು ವರ್ಷದ ಮಗಳು ಗವಿಯ ದೇವಮಾತೆಯ ಮುಂದೆ ಊರುಗೋಲು ಬಿಟ್ಟು ನಡೆದಳು. ಅಲ್ಲಿಯವರೆಗೆ ಬಸ್ಸುಗಳು ಇಂಜಿನ್ ತಣಿಸಿಕೊಳ್ಳಲು ಮಾತ್ರ ನಿಲ್ಲುತ್ತಿದ್ದ ಊರು ಯಾತ್ರಾಸ್ಥಳವಾಯಿತು. ಅವಳ ಪುಟ್ಟ ಊರುಗೋಲು ಗಾಜಿನ ಪೆಟ್ಟಿಗೆಯಲ್ಲಿದೆ. ಆಮೇಲೆ ವಾಸಿಯಾದವರೆಲ್ಲ ತಮ್ಮ ಊರುಗೋಲನ್ನು ಅದರ ಕೆಳಗೆ ಮೊಳೆಗೆ ತೂಗುಹಾಕಿ ಹೋಗುವುದು ರೂಢಿ. ಹರಕೆಯ ವಸ್ತು ಎಂದು ಫಾದರ್ ಪಟ್ಟು ಹಿಡಿದಿದ್ದರಿಂದ ಎಫ್‌ಐಆರ್ ದಾಖಲಾಯಿತು.

ಹನ್ನೊಂದಕ್ಕೆ ಸ್ಥಳ ಪಂಚನಾಮೆ. ಬೀಗ ಮುರಿದಿರಲಿಲ್ಲ. ಬೆಳ್ಳಿಯ ಹರಕೆಗಳು ಇದ್ದಲ್ಲೇ ಇದ್ದವು. ಹೋಗಿದ್ದು ಕೆಳಸಾಲಿನ ಒಂದು ಹಳೆಯ ಜೋಡಿ, ದೊಡ್ಡವರ ಅಳತೆಯದು.

"ಬೆಳ್ಳಿ ಬಿಟ್ಟು ಕಟ್ಟಿಗೆ ಕದ್ದಿದಾನೆ ಅಂದ್ರೆ, ಅವನಿಗೆ ಅದು ಬೇಕಾಗಿತ್ತು," ಅಂದರು ಇನ್ಸ್‌ಪೆಕ್ಟರ್.

"ಬೇಕಾದ್ರೆ ಔಷಧಿ ಅಂಗಡೀಲಿ ಸಿಗತ್ತಲ್ಲ ಸಾರ್?"

"ಸಿಗತ್ತೆ. ಅಂಗಡಿಗೆ ಹೋಗಿ ಕೇಳೋಕಾಗದೇ ಇರೋರು ಈ ಊರಲ್ಲಿ ಯಾರಿದಾರೆ?"

ಇನ್ಸ್‌ಪೆಕ್ಟರ್ ಗಂಟೆಮಾವನ ಕಡೆ ತಿರುಗಿದರು.

"ನಿನ್ನೆ ಬಾಗಿಲು ಹಾಕೋ ಹೊತ್ತಿಗೆ ಯಾರು ಬಂದಿದ್ರು?"

"ಟೇಲರ್ ಒಬ್ಬನೇ. ಪೀಠದ ಬಟ್ಟೆ ಬದಲಾಯಿಸಿ, ಹಳೇದನ್ನ ಉದ್ದಕ್ಕೆ ಸುರುಳಿ ಸುತ್ಕೊಂಡು ಹೋದ."

"ಅವನ ಮಗಳು ಭಾನುವಾರ ಬಾಲ್ಕನಿಯಿಂದ ಯಾತ್ರಿಕರಿಗೆ ಕೈ ಬೀಸ್ತಾಳಲ್ಲ, ನಿಂತ್ಕೊಂಡಾ, ಕೂತ್ಕೊಂಡಾ?"

ಗಂಟೆಮಾವ ನೆಲ ನೋಡಿದ. "ಈಗೀಗ ಕೂತ್ಕೊಂಡೇ. ಕೆಳಗಿಳಿದಿದ್ದು ನೋಡಿ ತಿಂಗಳುಗಳಾದ್ವು."

ಮಧ್ಯಾಹ್ನ ಎರಡಕ್ಕೆ ದರ್ಜಿಯ ಮನೆ. ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಹಸಿಮಣ್ಣಿನಲ್ಲಿ ಜೋಡಿ ಜೋಡಿ ದುಂಡು ಗುರುತುಗಳಿದ್ದವು. ನಡುವೆ ಎಳೆದುಕೊಂಡು ಹೋದ ಒಂದು ಪಾದದ ಗೆರೆ. ಮೊದಲು ಕಂಡಿದ್ದು ಹೆಡ್ ಕಾನ್‌ಸ್ಟೆಬಲ್‌ಗೆ. ಬೆಳಗಿನ ತನ್ನ ಜೋಕಿಗೆ ಅವನಿಗೀಗ ನಾಚಿಕೆಯಾಯಿತು.

ಒಳಗೆ ದರ್ಜಿ ಬಟ್ಟೆಯೇ ಇಲ್ಲದೆ ಮಷಿನ್ ತುಳಿಯುತ್ತಿದ್ದ.

"ಊರುಗೋಲು ಎಲ್ಲಿ?"

"ಯಾವ ಊರುಗೋಲು?"

"ಹಿತ್ತಲಲ್ಲಿ ಗುರುತಿದೆ."

ಮಷಿನ್ ನಿಂತಿತು.

"ಸೊಂಟದ ಕೀಲು ಸವೆದುಹೋಗಿದೆ ಸಾರ್. ಗೋಡೆ ಹಿಡ್ಕೊಂಡು ಓಡಾಡ್ತಿದ್ಲು. ಹೋದ ವಾರ ಬಿದ್ಲು. ಕೂಗಿದ್ರೆ ಪಕ್ಕದ ಲಾಡ್ಜಿಗೆ ಕೇಳತ್ತೆ ಅಂತ ಟವೆಲ್ ಕಚ್ಕೊಂಡು ಬಿದ್ದಿದ್ಲು, ನಾನು ಅಂಗಡಿ ಮುಚ್ಚಿ ಬರೋವರ್ಗೂ."

"ಆಸ್ಪತ್ರೆಗೆ ಕರ್ಕೊಂಡು ಹೋಗಬಾರದಿತ್ತಾ?"

"ಹೇಗೆ ಹೋಗ್ಲಿ? ಬಸ್ ಹತ್ತಿದ್ರೆ ಎಲ್ರೂ ಅವಳ ಬಟ್ಟೆ ಮುಟ್ಟೋಕೆ ಬರ್ತಾರೆ. ನನ್ನ ಮುಖಾನೂ ಅವಳ ಜೊತೆ ಯಾತ್ರಿಕರು ಕೊಳ್ಳೋ ಪಟದಲ್ಲಿ ಅಚ್ಚಾಗಿದೆ. ಬಾಯಲ್ಲಿ ಬಿಸಿ ತುಪ್ಪ ಸಾರ್, ನುಂಗೋ ಹಾಗಿಲ್ಲ, ಉಗುಳೋ ಹಾಗಿಲ್ಲ. ನಾವು ಬಾಯಿಬಿಟ್ರೆ ಇಡೀ ಬೀದಿ ಅಂಗಡಿ ಮುಚ್ಚಬೇಕು."

ಜಪ್ತಿ ಪಂಚನಾಮೆಯಲ್ಲಿ ಮಾಲು ಸಿಕ್ಕಿದ ಜಾಗ ಬರೆಯಬೇಕು. ಇನ್ಸ್‌ಪೆಕ್ಟರ್ ಪೆನ್ನು ಅಲ್ಲೇ ನಿಂತಿತು.

"ಚರಂಡಿ ಪಕ್ಕ ಸಿಕ್ತು ಅಂತ ಬರೀಬಹುದು ಸಾರ್," ಹೆಡ್ ಕಾನ್‌ಸ್ಟೆಬಲ್ ಮೆಲ್ಲಗೆ ಅಂದ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಕಟ್ಟಿಗೆಯ ಸದ್ದಾಯಿತು. ಮಗಳು ಒಂದೊಂದೇ ಮೆಟ್ಟಿಲಿಳಿದು, ಬೆವರುತ್ತಾ, ನೇರ ಬೀದಿ ಬಾಗಿಲಿಗೆ ಹೋದಳು.

"ಒಳಗ್ಹೋಗು ಮಗಳೇ, ಜನ ನೋಡ್ತಾರೆ!"

"ಅವತ್ತು ಗವೀಲೂ ನೀನು ಇದನ್ನೇ ಹೇಳಿದ್ದೆ ಅಪ್ಪ. ನೋಯತ್ತೆ ಅಂತ ನಾನಂದೆ. ಜನ ನೋಡ್ತಿದಾರೆ, ನಡಿ ಅಂತ ನೀನಂದೆ."

ಅವಳು ಹೊಸಿಲು ದಾಟಿದಳು. ಎದುರಿನ ಮೇಣದಬತ್ತಿ ಅಂಗಡಿಯವಳು ಕೊಡುತ್ತಿದ್ದ ಚಿಲ್ಲರೆಯನ್ನು ಕೈಯಲ್ಲೇ ಹಿಡಿದು ನಿಂತಳು. ಯಾತ್ರಿಕನೊಬ್ಬ ಅಭ್ಯಾಸಬಲದಿಂದ ಶಿಲುಬೆಯ ಗುರುತು ಹಾಕಿಕೊಂಡ.

ಮೂರು ಹತ್ತಕ್ಕೆ ದರ್ಜಿಯ ಬಂಧನವಾಯಿತು. ಮರುದಿನವೇ ಕೋರ್ಟಿನಲ್ಲಿ ಜಾಮೀನು ಸಿಗುವಂಥ ಕೇಸು. ಹೇಳಿಕೆಯಲ್ಲಿ ಅವನು ಕಳ್ಳತನದ ಬಗ್ಗೆ ಹೆಚ್ಚೇನೂ ಹೇಳಲಿಲ್ಲ. ಆ ದಿನ ಅವಳು ನಿಜವಾಗಿಯೂ ನಾಲ್ಕು ಹೆಜ್ಜೆ ನಡೆದಳೆಂದೂ, ಐದನೆಯದಕ್ಕೆ ತಾನು ಎತ್ತಿಕೊಂಡೆನೆಂದೂ, ಜನರ ಕೂಗಾಟದಲ್ಲಿ ಅದನ್ನು ಯಾರೂ ಗಮನಿಸಲಿಲ್ಲವೆಂದೂ ಬರೆಸಿದ.

ಊರುಗೋಲು ಜಪ್ತಿ ಮಾಲು; ಅವಳ ಕಂಕುಳಿಂದ ತೆಗೆದುಕೊಳ್ಳಲೇಬೇಕಾಯಿತು. ಇನ್ಸ್‌ಪೆಕ್ಟರ್ ಅವಳನ್ನು ಹೊಸಿಲ ಮೇಲೆ ಕೂರಿಸಿ, ಜೇಬಿನಿಂದ ದುಡ್ಡು ತೆಗೆದು ಹೆಡ್ ಕಾನ್‌ಸ್ಟೆಬಲ್ ಕೈಗಿಟ್ಟರು. ಅವನು ಯೂನಿಫಾರಂನಲ್ಲೇ ಬೀದಿ ಉದ್ದಕ್ಕೂ ನಡೆದು ಔಷಧಿ ಅಂಗಡಿಗೆ ಹೋದ.

"ಒಂದು ಜೊತೆ ಊರುಗೋಲು ಕೊಡಪ್ಪ."

"ಯಾರಿಗೆ ಸಾರ್?"

ಅಂಗಡಿ ತುಂಬ ಜನರಿದ್ದರು. ಹೆಡ್ ಕಾನ್‌ಸ್ಟೆಬಲ್ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ.

"ನಮ್ಮ ಟೇಲರ್ ಮಗಳಿಗೆ," ಎಂದ, ಎಲ್ಲರಿಗೂ ಕೇಳುವ ಹಾಗೆ.